ಸ್ಕೇಟ್‌ಬೋರ್ಡ್ ಕಲಿಕೆ: ಇಳಿಜಾರಿನಲ್ಲಿ ನೆಟ್ಟಗೆ ನಿಂತರೆ ಬೀಳುವುದೇಕೆ?

ಸಮತಟ್ಟಾದ ನೆಲದಲ್ಲಿ ಸ್ಕೇಟ್‌ಬೋರ್ಡನ್ನು ಸಲೀಸಾಗಿ ಓಡಿಸುವವರು ಕೂಡ ಮೊದಲ ಸಲ ಇಳಿಜಾರು ಕಾಂಕ್ರೀಟ್‌ನಿಂದ ಕೆಳಗಿಳಿಯುವಾಗ ಬಹುತೇಕ ಒಂದೇ ರೀತಿ ಬೀಳುತ್ತಾರೆ. ಬೋರ್ಡ್ ಮುಂದಕ್ಕೆ ಚಿಮ್ಮುತ್ತದೆ, ಸವಾರ ಹಿಂದಕ್ಕೆ ಕುಸಿಯುತ್ತಾನೆ, ಕೈ ನೆಲಕ್ಕೆ ಊರುತ್ತದೆ. ಇದಕ್ಕೆ ಧೈರ್ಯದ ಕೊರತೆಗಿಂತ ದೊಡ್ಡ ಕಾರಣ, 'ನೆಟ್ಟಗೆ' ಎಂದರೆ ಯಾವುದು ಎಂಬ ಗೊಂದಲ.

ಸ್ಕೇಟ್‌ಬೋರ್ಡಿಂಗ್‌ನಲ್ಲಿ ಇಂತಹ ಇಳಿಜಾರಿಗೆ 'ಬ್ಯಾಂಕ್' ಎನ್ನುತ್ತಾರೆ. ಹಣದ ಬ್ಯಾಂಕ್ ಅಲ್ಲ, ನದಿಯ ದಂಡೆ ಎಂಬ ಅರ್ಥದ ಬ್ಯಾಂಕ್. ಕ್ವಾರ್ಟರ್ ಪೈಪ್‌ನ ಮೇಲ್ಮೈ ಬಾಗಿರುತ್ತದೆ. ಬ್ಯಾಂಕ್ ಹಲಗೆ ಒರಗಿಸಿಟ್ಟಂತೆ ನೇರವಾಗಿರುತ್ತದೆ. ಹೀಗಾಗಿ ಸಮತಟ್ಟು ನೆಲ ಮತ್ತು ದೊಡ್ಡ ರ‍್ಯಾಂಪ್‌ಗಳ ನಡುವಿನ ಮೆಟ್ಟಿಲಾಗಿ ಇದು ಕಲಿಯುವವರಿಗೆ ಒದಗುತ್ತದೆ.

ಈ ಕಲಿಕೆ ಶುರುವಾಗಿದ್ದು ಸ್ಕೇಟ್‌ಪಾರ್ಕ್‌ಗಳಲ್ಲಲ್ಲ, ಶಾಲೆಗಳ ಅಂಗಳದಲ್ಲಿ. ಅಮೆರಿಕದ ಲಾಸ್ ಏಂಜಲೀಸ್‌ನ ಗುಡ್ಡ ಪ್ರದೇಶದಲ್ಲಿರುವ ಪಾಲ್ ರಿವಿಯರ್, ಕೆಂಟರ್ ಕ್ಯಾನ್ಯನ್ ಮುಂತಾದ ಶಾಲೆಗಳ ಆಟದ ಮೈದಾನದ ಅಂಚಿನಲ್ಲಿ ಡಾಂಬರು ಹಾಕಿದ ಇಳಿಜಾರುಗಳಿದ್ದವು. 1970ರ ದಶಕದಲ್ಲಿ ಸಾಂಟಾ ಮೋನಿಕಾ ಕಡೆಯ ಸರ್ಫಿಂಗ್ ಹುಡುಗರು ಅವನ್ನೇ ಅಲೆಗಳೆಂದು ಭಾವಿಸಿ ಸವಾರಿ ಮಾಡಿದರು. ಹವಾಯಿಯ ಸರ್ಫರ್ ಲ್ಯಾರಿ ಬರ್ಟಲ್‌ಮನ್ ಅಲೆಗೆ ಕೈ ತಾಗಿಸಿ ತಿರುಗುತ್ತಿದ್ದ ಶೈಲಿಯನ್ನು ಡಾಂಬರಿನ ಮೇಲೆ ಅನುಕರಿಸಿದರು. ಆ ಟ್ರಿಕ್‌ಗೆ ಇಂದಿಗೂ 'ಬರ್ಟ್' ಎಂದೇ ಹೆಸರು. ಅದೇ ಹೊತ್ತಿಗೆ ಬಂದ ಯೂರೆಥೇನ್ ಚಕ್ರಗಳು ಇದಕ್ಕೆ ನೆರವಾದವು. ಹಿಂದಿನ ಜೇಡಿ ಚಕ್ರಗಳಿಗೆ ಇಳಿಜಾರಿನಲ್ಲಿ ಅಷ್ಟು ಹಿಡಿತ ಇರಲಿಲ್ಲ.

ಬೀಳುವ ಕಾರಣಕ್ಕೆ ಬರೋಣ. ನೆಲದ ಮೇಲೆ ನಿಂತಾಗ ದೇಹ ಆಕಾಶಕ್ಕೆ ನೇರವಾಗಿರುತ್ತದೆ. ಆದರೆ ಇಳಿಜಾರಿನಲ್ಲಿ ತಡೆಯಿಲ್ಲದೆ ಉರುಳುವ ಬೋರ್ಡಿನ ಮೇಲೆ ತೂಗುಗುಂಡು ಹಿಡಿದರೆ, ಅದು ಭೂಮಿಯತ್ತ ನೇರವಾಗಿ ಅಲ್ಲ, ಹೆಚ್ಚುಕಡಿಮೆ ಬೋರ್ಡಿಗೆ ಲಂಬವಾಗಿ ತೂಗುತ್ತದೆ. ದೇಹವೂ ಹಾಗೆಯೇ ಇರಬೇಕು. ಕೆಳಗಿಳಿಯುವಾಗ ಆಕಾಶಕ್ಕೆ ನೆಟ್ಟಗೆ ನಿಂತವನು ಬೋರ್ಡಿನ ಲೆಕ್ಕದಲ್ಲಿ ಹಿಂದಕ್ಕೆ ವಾಲಿರುತ್ತಾನೆ. ಬೋರ್ಡ್ ಕಾಲಿನಡಿಯಿಂದ ಜಾರುವುದು ಆಗಲೇ. ಹೆದರಿಕೆ ಹಿಂದಕ್ಕೆ ವಾಲು ಎನ್ನುತ್ತದೆ. ಉಳಿಯಬೇಕಾದರೆ ತಗ್ಗಿನ ಕಡೆಯ ಕಾಲಿನ ಮೇಲೆ ಭಾರ ಹಾಕಬೇಕು. ಬ್ಯಾಂಕ್ ಕಲಿಕೆಯ ಕಷ್ಟವೆಲ್ಲ ಇಲ್ಲೇ ಇದೆ.

ವೇಗವೂ ಮುಖ್ಯ. ಹೊರಡುವಾಗ ಗಂಟೆಗೆ ಸುಮಾರು 11 ಕಿ.ಮೀ. ವೇಗವಿದ್ದರೆ, ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಅರ್ಧ ಮೀಟರ್ ಎತ್ತರ ಏರಬಹುದು. 1 ಮೀಟರ್‌ಗೆ ಸುಮಾರು 16 ಕಿ.ಮೀ. ವೇಗ ಬೇಕು. ನೆಲ ಮತ್ತು ಇಳಿಜಾರು ಸೇರುವ ಮೂಲೆಯಲ್ಲಿ ಚಕ್ರಗಳಿಗೆ ಧಕ್ಕೆ ಬೀಳುತ್ತದೆ. ಮೊಣಕಾಲು ಮಡಚಿದವರು ಅದನ್ನು ನುಂಗಿಕೊಳ್ಳುತ್ತಾರೆ, ಸೆಟೆದು ನಿಂತವರು ಮುಗ್ಗರಿಸುತ್ತಾರೆ.

ಮೊದಲ ಪಾಠ ಟ್ರಿಕ್ ಅಲ್ಲವೇ ಅಲ್ಲ: ಸ್ವಲ್ಪ ಮೇಲೇರಿ, ತಿರುಗದೆ, ಹಿಮ್ಮುಖವಾಗಿ ವಾಪಸ್ ಉರುಳುವುದು. ಇದಕ್ಕೆ 'ಫೇಕಿ' ಎನ್ನುತ್ತಾರೆ. ಇದು ಪಳಗಿದ ಮೇಲೆ 'ಕಿಕ್‌ಟರ್ನ್'. ಏರಿದ ಬೋರ್ಡ್ ಇನ್ನೇನು ನಿಲ್ಲುತ್ತದೆ ಎನ್ನುವ ಕ್ಷಣದಲ್ಲಿ ಹಿಂಗಾಲಿನಿಂದ ಬಾಲವನ್ನು ಒತ್ತಿ, ಮುಂದಿನ ಚಕ್ರಗಳನ್ನು ತುಸು ಎತ್ತಿ, ಅರ್ಧ ಸುತ್ತು ತಿರುಗಬೇಕು. ಮೊದಲು ತಿರುಗಬೇಕಾದ್ದು ತಲೆ ಮತ್ತು ಭುಜ. ಬೋರ್ಡ್ ತಾನಾಗಿ ಹಿಂಬಾಲಿಸುತ್ತದೆ. ತಿರುಗುವಾಗ ಎದೆ ತಗ್ಗಿನತ್ತ ಇದ್ದರೆ ಬ್ಯಾಕ್‌ಸೈಡ್, ಏರಿನತ್ತ ಇದ್ದರೆ ಫ್ರಂಟ್‌ಸೈಡ್. ಇಳಿಯುವ ದಾರಿ ಕಣ್ಣಿಗೆ ಕಾಣುವುದರಿಂದ ಹಲವರಿಗೆ ಬ್ಯಾಕ್‌ಸೈಡ್ ಬೇಗ ಒಲಿಯುತ್ತದೆ. ಒಂದನ್ನೇ ನೆಚ್ಚಿಕೊಂಡರೆ ಮುಂದೆ ಫ್ರಂಟ್‌ಸೈಡ್ ಕಲಿಯುವುದು ದುಪ್ಪಟ್ಟು ಕಷ್ಟ.

ನಂತರ ಬರುವುದು ಆಲಿ, ಅಂದರೆ ಕೈಯಿಂದ ಹಿಡಿಯದೆ ಬೋರ್ಡಿನೊಂದಿಗೆ ಜಿಗಿಯುವುದು. ಫ್ಲೋರಿಡಾದ ಅಲನ್ ಗೆಲ್‌ಫಾಂಡ್ 1970ರ ದಶಕದ ಕೊನೆಯಲ್ಲಿ ಇದನ್ನು ಬಾಗಿದ ಗೋಡೆಗಳ ಮೇಲೆ ಮಾಡಿ ತೋರಿಸಿದರು. ರಾಡ್ನಿ ಮಲೆನ್ ಸಮತಟ್ಟು ನೆಲಕ್ಕೆ ಅದನ್ನು ಇಳಿಸಿದ್ದು 1980ರ ದಶಕದ ಆರಂಭದಲ್ಲಿ. ಇಂದಿನವರು ಉಲ್ಟಾ ಕ್ರಮದಲ್ಲಿ ಕಲಿಯುತ್ತಾರೆ, ತಪ್ಪೂ ಅಲ್ಲಿಂದಲೇ ಬರುತ್ತದೆ. ನೆಲದ ಅಭ್ಯಾಸದಂತೆ ಆಕಾಶದತ್ತ ಜಿಗಿದರೆ ದೇಹ ಒಂದು ಕಡೆ, ಬೋರ್ಡ್ ಇನ್ನೊಂದು ಕಡೆ. ಜಿಗಿತ ಇಳಿಜಾರಿಗೆ ಲಂಬವಾಗಿರಬೇಕು, ಇಳಿಯುವಾಗ ನಾಲ್ಕೂ ಚಕ್ರ ಒಟ್ಟಿಗೆ ತಾಗಬೇಕು.

ಬೀಳುವುದನ್ನೂ ಕಲಿಯಲೇಬೇಕು. ಚಾಚಿದ ಅಂಗೈ ಮೇಲೆ ಬಿದ್ದು ಮಣಿಕಟ್ಟು ಮುರಿಯುವುದು ಈ ಆಟದ ಸಾಮಾನ್ಯ ಗಾಯ. ಹೆಲ್ಮೆಟ್ ಜತೆಗೆ ರಿಸ್ಟ್ ಗಾರ್ಡ್, ನೀ ಪ್ಯಾಡ್ ಇದ್ದರೆ ಬೋರ್ಡ್ ಬಿಟ್ಟು ಮೊಣಕಾಲೂರಿ ಜಾರಿ ಇಳಿಯಬಹುದು. ವಾಹನ ಓಡಾಡುವ ಪಾರ್ಕಿಂಗ್ ರ‍್ಯಾಂಪ್ ಮಾತ್ರ ಬೇಡವೇ ಬೇಡ.

ಭಾರತದಲ್ಲೂ ಈಗ ಜಾಗಗಳಿವೆ. ಬೆಂಗಳೂರಿನ ಹೋಲಿಸ್ಟೋಕ್ಡ್ ಕಲೆಕ್ಟಿವ್ ತಂಡ ದೇಶದ ಹಲವೆಡೆ ಸ್ಕೇಟ್‌ಪಾರ್ಕ್ ಕಟ್ಟಿದೆ. ಮುಂಬೈನ ಕಾರ್ಟರ್ ರೋಡ್‌ನಲ್ಲಿ ಒಂದಿದೆ. ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನ್ವಾರ್ ಹಳ್ಳಿಯಲ್ಲಿ 2015ರಲ್ಲೇ ಮಕ್ಕಳಿಗಾಗಿ ಪಾರ್ಕ್ ಆಯಿತು. 2022ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಪುಣೆಯ ಶ್ರದ್ಧಾ ಗಾಯಕ್‌ವಾಡ್ ಸ್ಕೇಟ್‌ಬೋರ್ಡಿಂಗ್‌ನಲ್ಲಿ ಚಿನ್ನ ಗೆದ್ದರು.

ಮಳೆಗಾಲದಲ್ಲಿ ಕಾಂಕ್ರೀಟ್ ಪೂರ್ತಿ ಒಣಗುವವರೆಗೆ ಕಾಯಬೇಕು. ಬೇಸಿಗೆಯಲ್ಲಿ ತೊಂದರೆ ಕೊಡುವುದು ಧೂಳು ಮತ್ತು ಸಣ್ಣ ಕಲ್ಲು. ಚಕ್ರಕ್ಕೆ ಸಿಕ್ಕ ಒಂದು ಕಲ್ಲು ಬೋರ್ಡನ್ನು ಅಲ್ಲೇ ನಿಲ್ಲಿಸುತ್ತದೆ, ಸವಾರ ಮಾತ್ರ ಮುಂದೆ ಹೋಗುತ್ತಾನೆ. ಬ್ಯಾಗಿನಲ್ಲಿ ಪುಟ್ಟ ಪೊರಕೆ ಇಟ್ಟುಕೊಂಡು, ಮೊದಲು ಇಳಿಜಾರಿನ ಬುಡವನ್ನು ಗುಡಿಸಿ ಆಮೇಲೆ ಬೋರ್ಡ್ ಇಳಿಸುವುದು ಒಳ್ಳೆಯದು.