ಕೆಂಡದಡುಗೆಯಲ್ಲಿ ಮಾಂಸದ ಪೂರ್ವಸಂಸ್ಕಾರ

ಕೋಳಿ, ಹಂದಿಗಳ ಮಾಂಸವನ್ನು ಕೆಂಡದ ಮೇಲೆ ಸುಡುವುದಕ್ಕೆ ಮುನ್ನ ಅದಕ್ಕೆ ಬರಿಯ ಉಪ್ಪನ್ನು ಸವರಿ ಇರಿಸುವುದು ಒಂದು ವಿಧಾನ. ಉಪ್ಪು, ಹುಳಿ, ಎಣ್ಣೆ, ಮಸಾಲೆಗಳು ಕೂಡಿದ ಮಿಶ್ರಣದಲ್ಲಿ ನೆನೆಹಾಕುವುದು ಇನ್ನೊಂದು. ಡ್ರೈ ಬ್ರೈನ್, ಮ್ಯಾರಿನೇಡ್ ಎಂಬ ಹೆಸರುಗಳಿಂದ ಪ್ರಸಿದ್ಧವಾಗಿರುವ ಇವೆರಡನ್ನೂ ಒಂದೇ ಎಂದು ಎಣಿಸುವ ವಾಡಿಕೆ ಉಂಟಾದರೂ, ಮೊದಲನೆಯದು ಮಾಂಸದ ಅಂತರಂಗವನ್ನೂ ಎರಡನೆಯದು, ತನ್ನಲ್ಲಿರುವ ಉಪ್ಪಿನ ಮಟ್ಟಿಗೆ ಹೊರತು, ಬಹುತೇಕ ಮೇಲ್ಮೈಯನ್ನೂ ಸಂಸ್ಕರಿಸುವುದರಿಂದ ಬೇರೆಬೇರೆಯಾಗಿ ವಿವೇಚಿಸತಕ್ಕವು.

ಉಪ್ಪಿನ ಕ್ರಿಯೆ

ಮಾಂಸದ ಮೇಲೆ ಉದುರಿಸಿದ ಉಪ್ಪು ಮೊದಲು ಒಳಗಿನ ನೀರನ್ನು ಹೊರಕ್ಕೆ ಸೆಳೆಯುವುದರಿಂದ, ಸ್ವಲ್ಪ ಹೊತ್ತಿನಲ್ಲೇ ತುಂಡಿನ ಮೈಮೇಲೆ ಬೆವರಿನಂತೆ ಹನಿಗಳು ಮೂಡುತ್ತವೆ. ಆತುರದಿಂದ ಈ ಘಟ್ಟದಲ್ಲೇ ಕೆಂಡಕ್ಕೆ ಏರಿಸಿದವನಿಗೆ ದೊರೆಯುವುದು ಹಬೆಯಲ್ಲಿ ಬೆಂದು ಬಿಳಿಚಿಕೊಂಡ ಮಾಂಸವೇ. ಕಾದವನಿಗಾದರೋ, ಆ ಹನಿಗಳಲ್ಲಿ ಕರಗಿದ ಉಪ್ಪು ವಿಸರಣದಿಂದ ಮೆಲ್ಲನೆ ಒಳಹೊಕ್ಕು, ಸ್ನಾಯುತಂತುಗಳಲ್ಲಿರುವ ಮಯೋಸಿನ್ ಎಂಬ ಪ್ರೋಟೀನನ್ನು ಅಂಶತಃ ಕರಗಿಸಿ, ತಂತುಗಳು ಊದಿಕೊಂಡು ನೀರನ್ನು ಹಿಡಿದಿರಿಸುವಂತೆ ಮಾಡಿದ ಫಲ ಲಭಿಸುತ್ತದೆ. ಬೇಯುವಾಗ ಪ್ರೋಟೀನುಗಳು ಮುದುಡಿ ರಸವನ್ನು ಹಿಂಡುವುದು ಸಹಜವಾದರೂ ಉಪ್ಪುಂಡ ಮಾಂಸದಲ್ಲಿ ಆ ನಷ್ಟ ಕಡಿಮೆ.

ಎಷ್ಟು ಹೊತ್ತು ಕಾಯಬೇಕೆಂಬುದಕ್ಕೆ ಪಾಕಗ್ರಂಥಗಳಿಗಿಂತ ಭೌತಶಾಸ್ತ್ರವೇ ಉತ್ತಮ ಮಾರ್ಗದರ್ಶಿ. ಜರ್ಮನ್ ಶರೀರಶಾಸ್ತ್ರಜ್ಞ ಅಡಾಲ್ಫ್ ಫಿಕ್ 1855ರಲ್ಲಿ ನಿರೂಪಿಸಿದ ವಿಸರಣ ನಿಯಮದ ಪ್ರಕಾರ, ಒಳಹೊಗುವ ದೂರ ಇಮ್ಮಡಿಯಾದರೆ ತಗಲುವ ಕಾಲ ಸುಮಾರು ನಾಲ್ಮಡಿಯಾಗುತ್ತದೆ. ಒಂದು ಅಂಗುಲ ದಪ್ಪದ ಹಂದಿಯ ತುಂಡಿಗೆ 4 ಗಂಟೆ ಸಾಕೆನಿಸಿದರೆ, ಎರಡು ಅಂಗುಲದ್ದಕ್ಕೆ 8 ಅಲ್ಲ, 16 ಗಂಟೆ ಬೇಕಾದೀತು. ಚರ್ಮವೂ ಕೊಬ್ಬೂ ಅಡ್ಡಬಂದಲ್ಲಿ ಇನ್ನೂ ಹೆಚ್ಚು. ಇಡಿಯ ಕೋಳಿಯನ್ನು ಒಂದು ರಾತ್ರಿಯಾದರೂ ಇಡಬೇಕೆನ್ನುವ ರೂಢಿಗೆ ಇದೇ ಆಧಾರ. ಪ್ರಮಾಣ ಕಿಲೋಗ್ರಾಂಗೆ 10ರಿಂದ 15 ಗ್ರಾಂ. ಹರಳುಪ್ಪಿಗೂ ಪುಡಿಯುಪ್ಪಿಗೂ ಚಮಚದ ಅಳತೆ ಒಂದೇ ಆಗದ ಕಾರಣ ತೂಗಿ ಹಾಕುವುದೇ ಲೇಸು. ಫ್ರಿಜ್ಜಿನಲ್ಲಿ ಮುಚ್ಚದೆ ಇರಿಸಿದರೆ ಚರ್ಮ ಒಣಗಿ, ಫ್ರಾನ್ಸಿನ ಮಯಾರ್ 1912ರಲ್ಲಿ ವರ್ಣಿಸಿದ ಕೆಂಪೇರುವ ಕ್ರಿಯೆ ಬೇಗ ತೊಡಗುತ್ತದೆ.

ಹುಳಿ ಮತ್ತು ಕಿಣ್ವ

ಬೆಳ್ಳುಳ್ಳಿ, ಮೆಣಸು, ಚಕ್ಕೆಗಳ ಪರಿಮಳದ್ರವ್ಯಗಳು ಕೆಲವು ಮಿಲಿಮೀಟರಿಗಿಂತ ಆಳಕ್ಕೆ ಇಳಿಯುವುದು ವಿರಳ. ನಿಂಬೆ, ವಿನೆಗರ್ ಮುಂತಾದ ಹುಳಿಗಳು ಅತಿಯಾದರೆ ಹೊರಪದರವನ್ನು ಹಿಟ್ಟುಹಿಟ್ಟಾಗಿಸುತ್ತವೆ. ಮೊಸರಿನ ಹುಳಿ ಅಷ್ಟು ತೀಕ್ಷ್ಣವಲ್ಲ. ಕೊಡಗಿನ ಪಂದಿಕರಿಗೆ ಬೀಳುವ ಕಾಚಂಪುಳಿಯನ್ನು ಸುಡುವ ಮಾಂಸಕ್ಕೆ ಸವರುವವರು ಅದರ ತೀವ್ರತೆಯನ್ನು ಮರೆಯಲಾಗದು. ಪರಂಗಿಕಾಯಿಯ ಪಪೇನ್ ಬಿಸಿಯಲ್ಲಿ ಇನ್ನಷ್ಟು ಚುರುಕಾಗುವ ಕಿಣ್ವವಾದ್ದರಿಂದ ಅದರ ಬಳಕೆಯಲ್ಲಿ ಕೈ ಹಿಡಿತವಾಗಿರಬೇಕು. ಸಕ್ಕರೆ, ಬೆಲ್ಲಗಳು ಕೆಂಡದ ಮೇಲೆ ಬೇಗ ಕರಿಯಾಗುತ್ತವೆ.

ಇತಿಹಾಸ

ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ಮಾನಸೋಲ್ಲಾಸದಲ್ಲಿ, ಅನ್ನಭೋಗದ ಸಂದರ್ಭದಲ್ಲಿ, ಹಂದಿಮಾಂಸದ ಪಾಕಗಳೂ ಮಾಂಸಖಂಡಗಳನ್ನು ಶೂಲಕ್ಕೆ ಪೋಣಿಸಿ ಸುಡುವ ಕ್ರಮವೂ ಬಂದಿವೆ. ಜಮೈಕದ ಜರ್ಕ್ ಎಂಬ ಪಾಕದಲ್ಲಿ ಕೋಳಿಗೂ ಹಂದಿಗೂ ಪಿಮೆಂಟೊ ಕಾಳು, ಉರಿಗಾರದ ಮೆಣಸಿನಕಾಯಿಗಳ ಮಸಾಲೆ ಒಣಗಿಯೋ ಹಸಿಯಾಗಿಯೋ ಸಲ್ಲುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ರಾಬರ್ಟ್ ಬೇಕರ್ 1950ರ ಸುಮಾರಿನಲ್ಲಿ ಪ್ರಚಾರಕ್ಕೆ ತಂದ ಕೋಳಿಯ ಮಿಶ್ರಣದಲ್ಲಿ ಸೇಬಿನ ವಿನೆಗರ್ ಎರಡು ಪಾಲು, ಎಣ್ಣೆ ಒಂದು ಪಾಲು. ಇವು ಬೇರ್ಪಡದಂತೆ ಹಿಡಿದಿಡಲು ಮೊಟ್ಟೆ. ಮುಂಚಿತವಾಗಿ ಉಪ್ಪು ಸವರುವ ಪದ್ಧತಿಗೆ ಸ್ಯಾನ್ ಫ್ರಾನ್ಸಿಸ್ಕೋದ ಝೂನಿ ಕೆಫೆಯ ಜೂಡಿ ರಾಜರ್ಸ್ 2002ರ ತಮ್ಮ ಗ್ರಂಥದ ಮೂಲಕ ಹೊಸ ಮನ್ನಣೆ ತಂದರು.

ಪ್ರಯೋಗಕ್ರಮ

ಒಂದೇ ಕೋಳಿಯ ಎರಡು ತೊಡೆಗಳಲ್ಲಿ ಒಂದಕ್ಕೆ ಬರಿಯ ಉಪ್ಪನ್ನೂ ಇನ್ನೊಂದಕ್ಕೆ ಅಷ್ಟೇ ತೂಕದ ಉಪ್ಪುಳ್ಳ ಮಸಾಲೆಯನ್ನೂ ಸವರಿ, ಸುಡುವ ಮೊದಲೂ ಅನಂತರವೂ ತೂಗಿ, ಯಾವುದು ಯಾವುದೆಂದು ಅರಿಯದವರಿಂದ ರುಚಿ ನೋಡಿಸುವುದು ನ್ಯಾಯವಾದ ಪರೀಕ್ಷೆ. ಉಪ್ಪನ್ನು ಸಮಗೊಳಿಸದೆ ನಡೆಸಿದ ಹೋಲಿಕೆಗಳಲ್ಲಿ ಮಸಾಲೆಗೆ ಸಂದ ಕೀರ್ತಿಯ ಬಹುಭಾಗ ಉಪ್ಪಿಗೇ ಸೇರತಕ್ಕದ್ದೆಂದು ತೋರುತ್ತದೆ. ಕೋಳಿಯ ಒಳಗಿನ ಉಷ್ಣತೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಹಂದಿಯ ಇಡಿಯ ತುಂಡುಗಳಿಗೆ 63 ಡಿಗ್ರಿ ತಲಪಿದ ಮೇಲೆ 3 ನಿಮಿಷದ ವಿರಾಮವನ್ನು ಅಮೆರಿಕದ ಕೃಷಿ ಇಲಾಖೆ ವಿಧಿಸುತ್ತದೆ. ಹಸಿಮಾಂಸ ನೆನೆದ ದ್ರವವನ್ನು ಕುದಿಸದೆ ಮೇಲೆ ಸುರಿಯಲಾಗದು.