ಜೂನ್ ತಿಂಗಳ ಮೊದಲ ಪಾಠ: ‘ಆಧಾರ ಎಲ್ಲಿದೆ?’

ಭಾಗ 1/9

ಶಾಲೆಗಳು ಶುರುವಾಗಿವೆ. ಬಾಗಿಲಿಗೆ ಮಾವಿನ ತೋರಣ, ಪ್ರಾರಂಭೋತ್ಸವ, ಮಕ್ಕಳಿಗೆ ಸಿಹಿ, ಬೈಂಡ್ ಹಾಕಿದ ಹೊಸ ಪುಸ್ತಕಗಳು, ಆಮೇಲೆ ಸೇತುಬಂಧದ ಟೆಸ್ಟು. ಇದೆಲ್ಲ ಮುಗಿದ ಮೇಲೆ ಸಮಾಜ ವಿಜ್ಞಾನದ ಮೇಷ್ಟ್ರು ಮೊದಲನೇ ಪಾಠ ತೆಗೀತಾರೆ. ನಾವು ಎಂಟನೇ ಕ್ಲಾಸಲ್ಲಿ ಓದಿದ ಇತಿಹಾಸದ ಮೊದಲ ಪಾಠ ಯಾವುದು ಅಂತ ನೆನಪಿದೆಯಾ?

ಅದರಲ್ಲಿ ರಾಜ ಇಲ್ಲ, ಯುದ್ಧ ಇಲ್ಲ, ಕೋಟೆ ಇಲ್ಲ. ಪಾಠದ ಹೆಸರು ‘ಆಧಾರಗಳು’. ಸಾಹಿತ್ಯಿಕ ಆಧಾರ, ಪುರಾತತ್ವ ಆಧಾರ, ಶಾಸನ, ನಾಣ್ಯ, ಸ್ಮಾರಕ. ಒಂದು ಅಂಕದ ಪ್ರಶ್ನೆ ಎರಡು, ಎರಡು ಅಂಕದ್ದು ಒಂದು. ಎರಡು ಪೀರಿಯಡ್‌ನಲ್ಲಿ ಮುಗಿಸಿ ಎಲ್ಲರೂ ಮುಂದಕ್ಕೆ ಹೋಗಿಬಿಡ್ತಾರೆ.

ನನ್ನ ಮಾತು ಇಷ್ಟೇ: ಇಡೀ ಪುಸ್ತಕದಲ್ಲಿ ಒಂದೇ ಒಂದು ಪಾಠ ಉಳಿಸ್ಕೊಳ್ಳಿ ಅಂದ್ರೆ ಇದನ್ನೇ ಉಳಿಸ್ಕೊಳ್ಳಬೇಕು. ಯಾಕೆ ಅಂತ ಹೇಳ್ತೀನಿ, ಓದ್ತಾ ಹೋಗಿ.

ಭಾಗ 2/9

ಬಿಕಾಂ ಓದೋನಿಗೆ ಇತಿಹಾಸ ಯಾಕೆ ಅಂತ ಕೇಳ್ತೀರಾ? ನಮ್ಮ ಅಕೌಂಟೆನ್ಸಿಯಲ್ಲಿ ಮೊದಲು ಕಲಿಸೋ ಮಾತು: ವೋಚರ್ ಇಲ್ದೆ ಎಂಟ್ರಿ ಇಲ್ಲ. ಅಂಗಡಿಯವರು ‘ಐನೂರು ಖರ್ಚಾಯ್ತು’ ಅಂದ ಮಾತ್ರಕ್ಕೆ ಪುಸ್ತಕದಲ್ಲಿ ಬರೆಯೋ ಹಾಗಿಲ್ಲ. ಬಿಲ್ ಎಲ್ಲಿ? ಯಾರು ಕೊಟ್ಟಿದ್ದು? ಯಾವ ತಾರೀಖು? ಯಾಕೆ ಖರ್ಚಾಯ್ತು? ಆಡಿಟರ್ ಬಂದು ಕೂತರೆ ಕೇಳೋದೂ ಇದನ್ನೇ.

‘ಆಧಾರಗಳು’ ಪಾಠ ಹೇಳೋದೂ ಅದೇ ಅಲ್ವಾ? ಶಾಸನ ಅಂದ್ರೆ ಕಲ್ಲಿನ ಮೇಲೆ ಬರೆದ ವೋಚರ್. ಎಷ್ಟೋ ಶಾಸನಗಳು ನಿಜಕ್ಕೂ ಲೆಕ್ಕಪತ್ರಗಳೇ. ಯಾರು ಯಾರಿಗೆ ಭೂಮಿ ಕೊಟ್ಟರು, ಗಡಿ ಎಲ್ಲಿಂದ ಎಲ್ಲಿಗೆ, ಸಾಕ್ಷಿ ಯಾರು ಅಂತೆಲ್ಲ ಇರುತ್ತೆ. ಕೊನೆಗೆ ‘ಇದನ್ನು ಅಳಿಸಿದವನಿಗೆ ಪಾಪ ಸುತ್ತಿಕೊಳ್ಳಲಿ’ ಅನ್ನೋ ಶಾಪ ಕೂಡ. ಆಗಿನ ಕಾಲದ ಸೀಲು, ಸಹಿ ಎಲ್ಲ ಅದೇ ಅಂತ ಇಟ್ಕೊಳ್ಳಿ.

ಭಾಗ 3/9

ಈ ವೋಚರ್‌ಗಳನ್ನು ಕೂಡಿಸಿದ್ದು ಯಾರು? ಇಲ್ಲೊಂದು ಶಾಲೆಯ ಕಥೆಯೇ ಇದೆ.

ಬೆಂಜಮಿನ್ ಲೂಯಿಸ್ ರೈಸ್. ಹುಟ್ಟಿದ್ದು ನಮ್ಮ ಬೆಂಗಳೂರಲ್ಲೇ, 1837ರಲ್ಲಿ. ಕೆಲಸ ಮಾಡಿದ್ದು ಮೈಸೂರು ಸೀಮೆಯ ಶಿಕ್ಷಣ ಇಲಾಖೆಯಲ್ಲಿ. ಶಾಲೆಗಳ ತಪಾಸಣೆಗೆ ಅಂತ ಊರೂರು ತಿರುಗುವಾಗ ಗುಡಿ ಮುಂದೆ, ಕೆರೆ ಏರಿ ಮೇಲೆ, ಹೊಲದ ಬದುವಿನಲ್ಲಿ ಅಕ್ಷರ ಕೆತ್ತಿದ ಕಲ್ಲುಗಳು ಕಣ್ಣಿಗೆ ಬಿದ್ದವು. ಹೋಗಿದ್ದು ಮಕ್ಕಳ ಪಾಠ ನೋಡೋಕೆ, ತಂದಿದ್ದು ನಾಡಿನ ದಾಖಲೆ. ಇದ್ದೂರಿನ ಪಂಡಿತರು ಓದಿ ಅರ್ಥ ಹೇಳಿದರು, ನಕಲು ಮಾಡಿಕೊಟ್ಟರು. 1886ರಿಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಅನ್ನೋ ಸಂಪುಟಗಳು ಬರೋಕೆ ಶುರುವಾದವು. ಅವುಗಳಲ್ಲಿ 8 ಸಾವಿರಕ್ಕೂ ಹೆಚ್ಚು ಶಾಸನಗಳು ಸೇರಿದವು.

ಇನ್ನೊಂದು ವಿಷಯ ನೋಡಿ. ರೈಸ್ ಹುಟ್ಟಿದ ಅದೇ 1837ರಲ್ಲಿ ಕಲ್ಕತ್ತದಲ್ಲಿ ಜೇಮ್ಸ್ ಪ್ರಿನ್ಸೆಪ್ ಅನ್ನೋರು ಅಶೋಕನ ಕಾಲದ ಬ್ರಾಹ್ಮಿ ಲಿಪಿಯನ್ನು ಓದಿ ಬಿಡಿಸಿದರು. ಅಲ್ಲಿವರೆಗೆ ಆ ಅಕ್ಷರಗಳು ಕಣ್ಣೆದುರಿಗೇ ಇದ್ದವು, ಆದರೆ ಓದೋರೇ ಇರಲಿಲ್ಲ.

ಭಾಗ 4/9

ಪ್ರಿನ್ಸೆಪ್ ಓದಿದಾಗ ಒಂದು ತೊಂದರೆ ಎದುರಾಯ್ತು. ಶಾಸನಗಳಲ್ಲಿ ರಾಜನ ಹೆಸರು ‘ದೇವಾನಾಂಪಿಯ ಪಿಯದಸಿ’ ಅಂತಿತ್ತು. ಅಂದ್ರೆ ದೇವರಿಗೆ ಪ್ರಿಯನಾದ ಪ್ರಿಯದರ್ಶಿ. ಇದು ಬಿರುದಿನ ಥರ ಇದೆ. ಆದರೆ ವ್ಯಕ್ತಿ ಯಾರು? ಶ್ರೀಲಂಕಾದ ಹಳೇ ಪಾಲಿ ಗ್ರಂಥ ನೋಡಿದಾಗ ಪಿಯದಸಿ ಅಂದ್ರೆ ಅಶೋಕನೇ ಅಂತ ಸುಳಿವು ಸಿಕ್ಕಿತು. ಸುಳಿವು ಏನೋ ಗಟ್ಟಿಯೇ. ಆದರೆ ಕಲ್ಲಿನ ಮೇಲೆ ಹೆಸರು ಕಾಣಬೇಕಲ್ವಾ?

ಅದು ಕಂಡಿದ್ದು ನಮ್ಮ ರಾಯಚೂರು ಜಿಲ್ಲೆಯಲ್ಲಿ! 1915ರಲ್ಲಿ ಸಿ. ಬೀಡನ್ ಅನ್ನೋ ಗಣಿ ಎಂಜಿನಿಯರ್ ಮಸ್ಕಿಯ ಬೆಟ್ಟದಲ್ಲಿ ಒಂದು ಬಂಡೆ ಶಾಸನ ನೋಡಿದರು. ಅದರಲ್ಲಿ ಬಿರುದಿನ ಜೊತೆಗೇ ‘ಅಶೋಕ’ ಅನ್ನೋ ಹೆಸರಿತ್ತು. 1837ರಿಂದ 1915. ಲೆಕ್ಕ ಹಾಕಿ, 78 ವರ್ಷ. ಒಂದು ಎಂಟ್ರಿಗೆ ಸರಿಯಾದ ವೋಚರ್ ಸಿಗೋಕೆ 78 ವರ್ಷ ಕಾದಿದ್ದಾರೆ.

ಪುಸ್ತಕದಲ್ಲಿ ‘ಮಸ್ಕಿ ಶಾಸನ: ಅಶೋಕನ ಹೆಸರಿದೆ’ ಅಂತ ಅರ್ಧ ಸಾಲು ಇರುತ್ತೆ. ಆ ಅರ್ಧ ಸಾಲಿನ ಹಿಂದೆ ಇಷ್ಟೆಲ್ಲ ಇದೆ.

ಭಾಗ 5/9

ಅಶೋಕನ ಬಗ್ಗೆಯೇ ಇನ್ನೊಂದು, ನನಗೆ ತುಂಬಾ ಇಷ್ಟವಾದದ್ದು. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. 1892ರಲ್ಲಿ ಇದನ್ನು ಬೆಳಕಿಗೆ ತಂದಿದ್ದೂ ರೈಸ್ ಅವರೇ. ಅದರ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ.

ಶಾಸನ ಪೂರ್ತಿ ಬ್ರಾಹ್ಮಿಯಲ್ಲಿದೆ, ಎಡದಿಂದ ಬಲಕ್ಕೆ. ಆದರೆ ‘ಲಿಪಿಕಾರ’ ಅನ್ನೋ ಕೊನೆಯ ಪದ ಮಾತ್ರ ಖರೋಷ್ಠಿಯಲ್ಲಿದೆ. ಅದನ್ನು ಬಲದಿಂದ ಎಡಕ್ಕೆ ಓದಬೇಕು. ಆ ಲಿಪಿ ಬಳಕೆಯಲ್ಲಿದ್ದಿದ್ದು ಎಲ್ಲೋ ದೂರದ ವಾಯವ್ಯದಲ್ಲಿ, ಗಾಂಧಾರದ ಕಡೆ. ಮೊಳಕಾಲ್ಮೂರಿನ ಬಂಡೆ ಮೇಲೆ ಆ ಲಿಪಿ ಯಾಕೆ ಬಂತು? ಚಪಡ ಆ ಕಡೆಯವನಾಗಿರಬಹುದು, ಇಲ್ಲಾ ಅಲ್ಲಿ ಕೆಲಸ ಕಲಿತವನಾಗಿರಬಹುದು. ‘ಇರಬಹುದು’ ಅಂತ ಹೇಳಬೇಕು, ‘ಹೌದು’ ಅಂತ ಹೇಳೋ ಹಾಗಿಲ್ಲ. ಆಧಾರ ಎಲ್ಲಿವರೆಗೆ ಇದೆಯೋ ಅಲ್ಲಿವರೆಗೆ ಮಾತ್ರ ಮಾತು. ಇದನ್ನೂ ಆ ಮೊದಲ ಪಾಠವೇ ಕಲಿಸೋದು.

ಭಾಗ 6/9

ಈಗ ನಿಮ್ಮ ಫೋನಿಗೆ ಬರೋಣ. ಬೆಂಗಳೂರಿಗೆ ಆ ಹೆಸರು ಹೇಗೆ ಬಂತು? ‘ವೀರಬಲ್ಲಾಳ ರಾಜ ಬೇಟೆಗೆ ಬಂದು ದಾರಿ ತಪ್ಪಿದ, ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದೇ ಬೆಂದಕಾಳೂರು’. ಪ್ರತಿ ನವೆಂಬರ್‌ನಲ್ಲಿ ಈ ರೀಲ್ ಬಂದೇ ಬರುತ್ತೆ. ಕಥೆ ಚೆನ್ನಾಗಿದೆ.

ಈಗ ವೋಚರ್ ನೋಡೋಣ. ಬೆಂಗಳೂರಿನ ಬೇಗೂರಿನಲ್ಲಿ ಹಳೇ ಶಿವನ ದೇವಸ್ಥಾನ ಇದೆ. ಅಲ್ಲಿನ ಒಂದು ಶಾಸನ ಸುಮಾರು 890ರದ್ದು, ಗಂಗರ ಕಾಲದ್ದು. ಅದರಲ್ಲಿ ‘ಬೆಂಗಳೂರು’ ಕಾಳಗದ ಮಾತಿದೆ. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದಿದ್ದು 1173ರಲ್ಲಿ. ಅಂದ್ರೆ ರಾಜ ದಾರಿ ತಪ್ಪೋಕೆ ಸುಮಾರು 280 ವರ್ಷ ಮೊದಲೇ ಊರಿಗೆ ಆ ಹೆಸರಿತ್ತು!

ಹಾಗಂತ ಅಜ್ಜಿ ಕಥೆಯನ್ನು ಕಸಕ್ಕೆ ಹಾಕಬೇಡಿ. ಬಾಯಿಂದ ಬಾಯಿಗೆ ಬಂದ ಕಥೆಗಳೂ ಆಧಾರವೇ. ಆದರೆ ಅವು ಏನಕ್ಕೆ ಆಧಾರ ಅಂತ ಕೇಳ್ಕೋಬೇಕು. ಜನ ತಮ್ಮ ಊರನ್ನು ಹೇಗೆ ನೆನಪಿಟ್ಕೊಳ್ಳೋಕೆ ಇಷ್ಟಪಟ್ಟರು ಅನ್ನೋದಕ್ಕೆ ಅದು ಆಧಾರ. ಊರು ಯಾವಾಗಿಂದ ಇದೆ ಅನ್ನೋದಕ್ಕೆ ಅಲ್ಲ.

ಭಾಗ 7/9

‘ಕಲ್ಲಿನ ಮೇಲೆ ಇದೆ ಅಂದ್ರೆ ಎಲ್ಲ ನಿಜ ತಾನೆ?’ ಅಂತ ಕೇಳಬಹುದು. ಅಲ್ಲ. ಕಂಪನಿಯೊಂದು ತನ್ನ ಜಾಹೀರಾತನ್ನು ತಾನೇ ಬರೆದರೆ ಹೇಗಿರುತ್ತೆ? ಆಸ್ಥಾನ ಕವಿ ಬರೆದ ಶಾಸನವೂ ಹಾಗೇ ಇರಬಹುದು.

ಐಹೊಳೆಯ ಮೇಗುಟಿ ದೇವಾಲಯದ ಶಾಸನ, 634ರದ್ದು. ಬರೆದವನು ಇಮ್ಮಡಿ ಪುಲಕೇಶಿಯ ಕವಿ ರವಿಕೀರ್ತಿ. ಉತ್ತರದ ಹರ್ಷವರ್ಧನನಿಗೆ ಪುಲಕೇಶಿಯ ಎದುರು ಹರ್ಷವೇ ಇಲ್ಲದಂತಾಯ್ತು ಅಂತ ಹೆಸರಿನ ಮೇಲೆ ಆಟ ಆಡಿದ್ದಾನೆ. ಪಗಾರ ಕೊಡೋ ರಾಜನನ್ನು ಕವಿ ಹೊಗಳಿದ್ದಾನೆ, ನಂಬೋದು ಹೇಗೆ?

ನಮ್ಮ ಆಡಿಟಿಂಗ್‌ನಲ್ಲಿ ಒಂದು ಪದ್ಧತಿ ಇದೆ. ‘ಇವರು ನಮಗೆ ಇಷ್ಟು ಕೊಡಬೇಕು’ ಅಂತ ಕಂಪನಿ ಹೇಳಿದ್ರೆ, ಆಡಿಟರ್ ಆ ಎದುರು ಪಾರ್ಟಿಗೇ ಪತ್ರ ಬರೆದು ಕೇಳ್ತಾರೆ. ಇಲ್ಲೂ ಎದುರು ಕಡೆಯಿಂದ ಪತ್ರ ಸಿಕ್ಕಿದೆ. ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಹರ್ಷನ ಆದರ ಪಡೆದವನು, ಹರ್ಷನನ್ನು ಮೆಚ್ಚಿ ಬರೆದವನು. ಅವನೇ ಹೇಳ್ತಾನೆ, ಹರ್ಷ ಎಷ್ಟು ಪ್ರಯತ್ನಪಟ್ಟರೂ ಪುಲಕೇಶಿಯನ್ನು ಮಣಿಸೋಕೆ ಆಗಲಿಲ್ಲ ಅಂತ. ಎರಡೂ ಕಡೆಯ ಲೆಕ್ಕ ತಾಳೆ ಆಯ್ತು. ಈಗ ಧೈರ್ಯವಾಗಿ ಬರೀಬಹುದು.

ಭಾಗ 8/9

‘ಕನ್ನಡದ ಮೊದಲ ಶಾಸನ ಯಾವುದು?’ ಅಂದ ತಕ್ಷಣ ಎಲ್ಲರೂ ‘ಹಲ್ಮಿಡಿ, ಕ್ರಿ.ಶ. 450’ ಅಂತೀವಿ. ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಈ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರು ಡಾ. ಎಂ. ಎಚ್. ಕೃಷ್ಣ. ಹದಿನಾರು ಸಾಲು. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸ ಎಂಬವನಿಗೆ ಊರುಗಳನ್ನು ಕೊಟ್ಟ ದಾಖಲೆ. ಶಾಸನದಲ್ಲಿ ಇಸವಿ ಬರೆದಿಲ್ಲ. ಅಕ್ಷರದ ಆಕಾರ, ಭಾಷೆ, ಅದರಲ್ಲಿ ಬರೋ ಹೆಸರುಗಳನ್ನು ನೋಡಿ ವಿದ್ವಾಂಸರು ಹಾಕಿದ ಅಂದಾಜು ಈ 450.

ಆಮೇಲೆ ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಅಗೆದಾಗ ಇನ್ನೊಂದು ಶಾಸನ ಸಿಕ್ಕಿತು. ಅದು 370ರ ಸುಮಾರಿನದು, ಹಲ್ಮಿಡಿಗಿಂತ ಹಳೇದು ಅಂತ ವಿದ್ವಾಂಸರು ಹೇಳಿದರು. ಹಾಗಾದ್ರೆ ನಾವು ಬರೆದ ಉತ್ತರ? ಆ ಹೊತ್ತಿಗೆ ಕೈಯಲ್ಲಿದ್ದ ಆಧಾರದ ಪ್ರಕಾರ ಅದು ಸರಿಯಾಗಿತ್ತು. ಹೊಸ ಬಿಲ್ ಸಿಕ್ಕರೆ ಲೆಕ್ಕ ತಿದ್ದಬೇಕು. ಹಾಗೆ ತಿದ್ದೋದು ಅವಮಾನ ಅಲ್ಲ, ಲೆಕ್ಕ ಇಡೋ ಕ್ರಮವೇ ಅದು.

ಭಾಗ 9/9

ಇಷ್ಟೆಲ್ಲ ಯಾಕೆ ಹೇಳ್ದೆ ಅಂದ್ರೆ, ನಿಮ್ಮ ಮನೆಯ ತಮ್ಮನೋ ತಂಗಿಯೋ ಈ ವಾರ ಆ ಪಾಠ ಓದ್ತಾ ಇರ್ತಾರೆ. ಅದೇ ಹೊತ್ತಿಗೆ ಫ್ಯಾಮಿಲಿ ಗ್ರೂಪಲ್ಲಿ ‘ನಿಮಗೆ ಶಾಲೆಯಲ್ಲಿ ಹೇಳದ ಇತಿಹಾಸ’ ಅಂತ ಫಾರ್ವರ್ಡ್ ಬಂದಿರುತ್ತೆ. ಯಾವುದೋ ರಾಜ, ಯಾವುದೋ ಜಾತಿ, ಯಾವುದೋ ಧರ್ಮದ ಮೇಲೆ ಸಿಟ್ಟು ಬರೋ ಹಾಗೆ ಬರೆದಿರುತ್ತಾರೆ. ತಾರೀಖು ಇಲ್ಲ, ಶಾಸನ ಇಲ್ಲ, ಪುಸ್ತಕದ ಹೆಸರಿಲ್ಲ. ಅದನ್ನು ನಂಬಿ ಜಗಳ ಆಡೋದು ಮಾತ್ರ ನಮ್ಮ ವಯಸ್ಸಿನವರೇ.

ಆವಾಗ ಈ ನಾಲ್ಕು ಪ್ರಶ್ನೆ ಕೇಳಿ:
ಯಾರು ಬರೆದಿದ್ದು?
ಯಾವಾಗ ಬರೆದಿದ್ದು?
ಯಾಕೆ, ಯಾರಿಗಾಗಿ ಬರೆದಿದ್ದು?
ಎದುರು ಕಡೆಯವರು ಏನು ಹೇಳ್ತಾರೆ?

ನಾಲ್ಕಕ್ಕೂ ಉತ್ತರ ಇಲ್ಲ ಅಂದ್ರೆ ಶೇರ್ ಬಟನ್ ಒತ್ತಬೇಡಿ. ವೋಚರ್ ಇಲ್ದೆ ಎಂಟ್ರಿ ಇಲ್ಲ.

ಕೊನೆಯದಾಗಿ ಒಂದು ಕೆಲಸ. ನಿಮ್ಮ ಊರಲ್ಲೂ ಒಂದು ವೀರಗಲ್ಲೋ ಶಾಸನದ ಕಲ್ಲೋ ಇರಬಹುದು. ಎಷ್ಟೋ ಕಲ್ಲುಗಳು ಬಟ್ಟೆ ಒಗೆಯೋ ಕಲ್ಲಾಗಿವೆ, ರಸ್ತೆ ಅಗಲ ಮಾಡುವಾಗ ಮಣ್ಣು ಪಾಲಾಗಿವೆ. ಈ ಭಾನುವಾರ ಮನೆಯ ಚಿಕ್ಕವರನ್ನು ಕರ್ಕೊಂಡು ಹೋಗಿ ತೋರಿಸಿ. ಮೇಲೆ ಸುಣ್ಣ, ಎಣ್ಣೆ, ಬಣ್ಣ ಹಚ್ಚಬೇಡಿ. ಒಂದು ಫೋಟೋ ತೆಗೆದು, ಯಾವ ಊರು, ಎಲ್ಲಿ ಇದೆ ಅಂತ ಕಾಮೆಂಟಲ್ಲಿ ಬರೀರಿ. ನಾಳೆ ಆ ಕಲ್ಲು ಕಳೆದುಹೋದ್ರೂ, ಅದು ಅಲ್ಲಿತ್ತು ಅನ್ನೋದಕ್ಕೆ ಕನಿಷ್ಠ ಒಂದು ಆಧಾರ ಉಳಿಯುತ್ತೆ.

#ಆಧಾರಎಲ್ಲಿದೆ #ಸಮಾಜವಿಜ್ಞಾನ #ನಮ್ಮೂರಶಾಸನ #ಕನ್ನಡ