ಗ್ರಾಮಾಂತರ ನಿವೇಶನಗಳು: ತುರ್ತು ಮಾರ್ಗ ಮತ್ತು ಗೃಹೋದ್ಯಮದ ಸ್ಥಳೀಯ ನಿಯಮಗಳು (ಕ್ಯಾಲಿಫೋರ್ನಿಯ)

ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ತೀರದಲ್ಲಿರುವ ಕ್ಯಾಲಿಫೋರ್ನಿಯ ರಾಜ್ಯವು 58 ಕೌಂಟಿಗಳಾಗಿ ವಿಭಕ್ತವಾಗಿದ್ದು, ನಗರಸಭೆಗಳ ಮೇರೆಯ ಹೊರಗಿರುವ ತೋಟ, ಕಾವಲು, ಗುಡ್ಡಗಾಡುಗಳ ಮನೆಗಳ ಮೇಲಣ ಅಧಿಕಾರವು ನಮ್ಮ ಜಿಲ್ಲೆಗಳನ್ನು ಹೋಲುವ ಈ ಕೌಂಟಿಗಳ ಚುನಾಯಿತ ಮಂಡಲಿಗಳಿಗೆ ಸೇರಿದೆ. ಅಲ್ಲಿ ಹೊಸದಾಗಿ ಮನೆ ಕಟ್ಟಹೊರಟವನಿಗೂ, ಕಟ್ಟಿದ ಮನೆಯಲ್ಲಿಯೇ ಕಸುಬೊಂದನ್ನು ನಡೆಸಬಯಸುವವನಿಗೂ ಎದುರಾಗುವ ಮುಖ್ಯ ಪ್ರಶ್ನೆ ಒಂದೇ: ಆ ಮನೆಗೆ ಹೋಗುವ ದಾರಿ ಎಂಥದು, ಅದು ಎಷ್ಟು ವಾಹನಗಳನ್ನು ತಾಳಬಲ್ಲುದು? ಆದಕಾರಣ ಈ ಎರಡು ವಿಷಯಗಳನ್ನು ಇಲ್ಲಿ ಒಟ್ಟಾಗಿ ನಿರೂಪಿಸಲಾಗಿದೆ.

ತುರ್ತು ಮಾರ್ಗ: ಮಳೆಯಿಲ್ಲದ ದೀರ್ಘ ಬೇಸಗೆಯಲ್ಲಿ ಒಣಗಿದ ಹುಲ್ಲು, ಪೊದೆ, ದೇವದಾರುಗಳ ನಡುವೆ ಮನೆಗಳು ಹಬ್ಬುತ್ತ ಹೋದುದರಿಂದ ಕಾಡುಗಿಚ್ಚು ಈ ನಾಡಿನ ನಿತ್ಯಭೀತಿಯಾಗಿದೆ. ರಾಜ್ಯವೇ ಅಗ್ನಿರಕ್ಷಣೆಯ ಹೊಣೆ ಹೊತ್ತಿರುವ ಪ್ರದೇಶಗಳಿಗೆ ಅರಣ್ಯ ಮತ್ತು ಅಗ್ನಿರಕ್ಷಣಾ ಮಂಡಲಿಯು ವಿಧಿಸಿದ ಕನಿಷ್ಠ ನಿಯಮಗಳು 1991ರಲ್ಲಿ ಜಾರಿಗೆ ಬಂದವು. ಕೌಂಟಿಗಳು ಇವುಗಳಿಗಿಂತ ಕಠಿನವಾದ ನಿಯಮಗಳನ್ನು ಮಾಡಬಹುದೇ ಹೊರತು ಇವನ್ನು ಸಡಿಲಿಸಲಾಗದು. ರಸ್ತೆಯು ತಲಾ 10 ಅಡಿಯ ಎರಡು ಪಥಗಳನ್ನು ಹೊಂದಿರತಕ್ಕದ್ದು. 75,000 ಪೌಂಡು, ಎಂದರೆ ಸುಮಾರು 34 ಟನ್ನು ತೂಕದ ಅಗ್ನಿಶಾಮಕ ವಾಹನವನ್ನು ಹೊರತಕ್ಕದ್ದು. ಸಾಮಾನ್ಯವಾಗಿ ಅದರ ಏರು ಶೇಕಡ 16ನ್ನು ಮೀರಕೂಡದು. ರಸ್ತೆಯಿಂದ ಮನೆಯಂಗಳಕ್ಕೆ ಒಯ್ಯುವ ಖಾಸಗಿ ದಾರಿಗೆ 10 ಅಡಿ ಅಗಲ ಸಾಕು. ಆದರೆ ಅದು 150 ಅಡಿಗಿಂತ ಉದ್ದವಾದರೆ ನಡುವೆ ಎದುರು ವಾಹನಕ್ಕೆ ಎಡೆಬಿಡುವ ತಂಗುದಾಣವೂ, 300 ಅಡಿಯನ್ನು ಮೀರಿದರೆ ಮನೆಯ ಸಮೀಪದಲ್ಲಿ ವಾಹನ ತಿರುಗಿಸುವಷ್ಟು ಬಯಲೂ ಬೇಕು.

ಇವುಗಳಲ್ಲಿ ಗೇಟಿನ ನಿಯಮವನ್ನು ತುಸು ನಿಂತು ನೋಡಬೇಕು. ಗೇಟು ದಾರಿಗಿಂತ ಎರಡು ಅಡಿಯಾದರೂ ಅಗಲವಾಗಿರಬೇಕು, ಮುಖ್ಯ ರಸ್ತೆಯಿಂದ 30 ಅಡಿ ಒಳಕ್ಕೆ ಇರಬೇಕು. ಬೀಗ ತೆಗೆಯಲು ಸಿಬ್ಬಂದಿಯೊಬ್ಬನು ಕೆಳಗಿಳಿದಾಗ ಹಿಂದೆ ನಿಂತ ಭಾರಿ ವಾಹನವು ರಸ್ತೆಗೆ ಅಡ್ಡವಾಗಿ, ಪ್ರಾಣ ಉಳಿಸಿಕೊಳ್ಳಲು ಆ ಮಾರ್ಗವಾಗಿ ಹೊರಟ ಜನರನ್ನು ತಡೆಯಬಾರದೆಂಬುದೇ ಇದರ ಉದ್ದೇಶ. ಮನೆಯ ಸಂಖ್ಯೆಯ ಅಂಕೆಗಳು 4 ಅಂಗುಲಕ್ಕೆ ಕಡಿಮೆಯಿಲ್ಲದೆ, ಎರಡು ದಿಕ್ಕುಗಳಿಂದ ಬರುವವರಿಗೂ ಕಾಣತಕ್ಕದ್ದೆಂಬ ವಿಧಿಯೂ ಇದೇ ವಿವೇಕದಿಂದ ಹುಟ್ಟಿದ್ದು. ಹೊಗೆ ಮುಸುಕಿದ ಇರುಳಿನಲ್ಲಿ ಪರಸ್ಥಳದಿಂದ ಬಂದ ಸಿಬ್ಬಂದಿಗೆ ಬೇರೆ ಗುರುತಿರುವುದಿಲ್ಲ. ಮುಂದೆ ದಾರಿಯಿಲ್ಲದೆ ಕೊನೆಗೊಳ್ಳುವ ರಸ್ತೆಗಳ ಉದ್ದಕ್ಕೂ ಮಿತಿಯಿದೆ: ಒಂದು ಎಕರೆಗಿಂತ ಚಿಕ್ಕ ನಿವೇಶನಗಳ ವಲಯದಲ್ಲಿ 800 ಅಡಿ, 20 ಎಕರೆ ಮತ್ತು ಅದಕ್ಕೂ ಮಿಗಿಲಾದ ನಿವೇಶನಗಳಲ್ಲಿ ಒಂದು ಮೈಲಿ.

ನಿಯಮಗಳು ಬರುವ ಮೊದಲೇ ಆದ ದಾರಿಗಳು ಬಹುಮಟ್ಟಿಗೆ ಹಾಗೆಯೇ ಉಳಿದಿವೆ. ನಿಜವಾದ ಅಪಾಯವಿರುವುದು ಇಲ್ಲಿ. 2018ರ ನವೆಂಬರ್ 8ರಂದು ಬ್ಯೂಟ್ ಕೌಂಟಿಯ ಪ್ಯಾರಡೈಸ್ ಎಂಬ ಬೆಟ್ಟದೂರನ್ನು ಸುಟ್ಟ ಕ್ಯಾಂಪ್ ಫೈರ್ ಎಂಬ ಕಿಚ್ಚಿನಲ್ಲಿ 85 ಮಂದಿ ಮೃತರಾದರು. ಊರನ್ನು ಬಿಟ್ಟು ಹೊರಡುವ ಕೆಲವೇ ರಸ್ತೆಗಳಲ್ಲಿ ವಾಹನಗಳು ಕಿಕ್ಕಿರಿದು ನಿಂತು, ಕೆಲವರು ತಮ್ಮ ಕಾರುಗಳಲ್ಲಿಯೇ ಸಿಲುಕಿ ಮಡಿದರು. ಅದೇ ವರ್ಷ ರಚಿತವಾದ ಶಾಸನವೊಂದು, ಅತ್ಯಧಿಕ ಅಗ್ನಿಭಯವುಳ್ಳವೆಂದು ಗುರುತಿಸಲಾದ ಸ್ಥಳೀಯ ಸಂಸ್ಥೆಗಳ ಪ್ರದೇಶಗಳಿಗೂ ಈ ನಿಯಮಗಳನ್ನು 2021ರ ಜುಲೈಯಿಂದ ವಿಸ್ತರಿಸಿತು.

ಗೃಹೋದ್ಯಮ: ಮನೆಯಲ್ಲಿ ನಡೆಯುವ ಹೊಲಿಗೆ, ಲೆಕ್ಕಪತ್ರ, ಸಂಗೀತಪಾಠದಂಥ ಕಸುಬುಗಳ ಬಗೆಗಿನ ಷರತ್ತುಗಳು ಕೌಂಟಿಯಿಂದ ಕೌಂಟಿಗೆ ಬೇರೆಯಾದರೂ ಅವುಗಳ ಆಶಯ ಸಮಾನ: ಮನೆಯು ಮೊದಲು ವಾಸಸ್ಥಾನವಾಗಿಯೇ ಉಳಿಯಬೇಕು, ಸರಕು ಹೊರಗೆ ರಾಶಿ ಬೀಳಬಾರದು, ಹೊರಗಿನ ನೌಕರರ ಸಂಖ್ಯೆಯೂ ವಾಹನಸಂಚಾರವೂ ಮಿತಿಯಲ್ಲಿರಬೇಕು. ಆದರೆ ಆಹಾರ ಪದಾರ್ಥಗಳ ವಿಷಯದಲ್ಲಿ ರಾಜ್ಯವು ಕೌಂಟಿಗಳ ಕೈಯನ್ನು ಕಟ್ಟಿಹಾಕಿದೆ. 2013ರಿಂದ ಜಾರಿಯಲ್ಲಿರುವ ಶಾಸನದ ಪ್ರಕಾರ ಬ್ರೆಡ್ಡು, ಜಾಮು, ಒಣಹಣ್ಣುಗಳಂಥ ಬೇಗ ಕೆಡದ ತಿನಿಸುಗಳನ್ನು ಮನೆಯ ಅಡುಗೆಮನೆಯಲ್ಲಿ ತಯಾರಿಸಿ ಮಾರುವುದನ್ನು ಯಾವ ಕೌಂಟಿಯೂ ನಿಷೇಧಿಸುವಂತಿಲ್ಲ. ಕೊಳ್ಳುವವನಿಗೆ ನೇರವಾಗಿ ಮಾರುವವರು ‘ಎ’ ವರ್ಗಕ್ಕೂ, ಅಂಗಡಿ ಹೋಟೆಲುಗಳ ಮೂಲಕವೂ ಮಾರುವವರು ‘ಬಿ’ ವರ್ಗಕ್ಕೂ ಸೇರುತ್ತಾರೆ; ಎರಡನೆಯವರ ಅಡುಗೆಮನೆ ಪರೀಕ್ಷೆಗೆ ಒಳಪಡುತ್ತದೆ. ಮನೆಯವರಲ್ಲದೆ ಒಬ್ಬ ನೌಕರನನ್ನು ಮಾತ್ರ ಇಟ್ಟುಕೊಳ್ಳಬಹುದು. ಸಣ್ಣ ಹಿಡುವಳಿಯ ಆದಾಯವೊಂದರಿಂದಲೇ ಜೀವನ ಸಾಗಿಸಲಾಗದ ಕುಟುಂಬಕ್ಕೆ ಇದು ಸಣ್ಣ ಉಪಕಾರವಲ್ಲ.

ನಿಷೇಧದ ಅಧಿಕಾರವಿಲ್ಲದಿದ್ದರೂ ಸಂಚಾರ, ವಾಹನ ನಿಲುಗಡೆ, ಶಬ್ದ ಮೊದಲಾದವುಗಳ ಬಗ್ಗೆ ನ್ಯಾಯಸಮ್ಮತವಾದ ಷರತ್ತುಗಳನ್ನು ವಿಧಿಸುವ ಅವಕಾಶವನ್ನು ಶಾಸನವು ಕೌಂಟಿಗಳಿಗೆ ಉಳಿಸಿದೆ. ಹಳೆಯ ಇಕ್ಕಟ್ಟಾದ ದಾರಿಯ ತುದಿಯಲ್ಲಿ, ಹೊಸ ಕಟ್ಟಡವೇನೂ ಏಳದೆ, ಆದಕಾರಣ ಮೇಲೆ ಹೇಳಿದ ಮಾರ್ಗದ ನಿಯಮಗಳೂ ಅನ್ವಯಿಸದೆ, ಇದ್ದ ಮನೆಯಲ್ಲಿಯೇ ವ್ಯಾಪಾರ ತೊಡಗಿ, ಕೊಳ್ಳುವವರ ಕಾರುಗಳು ಅಂಗಳದಿಂದ ದಾರಿಯವರೆಗೆ ಸಾಲುಗಟ್ಟತೊಡಗಿದಲ್ಲಿ ಈ ಅವಕಾಶವನ್ನು ಕೌಂಟಿಯು ಬಳಸಿಕೊಂಡು, ಗಿರಾಕಿಗಳ ವಾಹನಗಳು ದಾರಿಯ ಹತ್ತಡಿಯನ್ನು ಆಕ್ರಮಿಸದಂತೆ ನೋಡಿಕೊಳ್ಳುವುದು ಅತ್ಯವಶ್ಯ.